ಮಳೆ ಬಂದ ದಿನ ರಸೀದಿ ಬರುವುದಿಲ್ಲ: ತಂತ್ರಾಂಶದ ದೋಷ ತಿಳಿಸುವ ಬಗೆ

ಹಿಂದೊಮ್ಮೆ ಈ ಅಂಕಣದಲ್ಲಿ ಮೊಬೈಲ್ ಆ್ಯಪ್‌ಗಳ ತೊಂದರೆಗಳ ಬಗ್ಗೆ ಉತ್ತರಿಸುತ್ತ, ‘ದೋಷ ಕಂಡರೆ ತಯಾರಕರಿಗೆ ತಿಳಿಸಿ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೆ. ಆ ಸಾಲನ್ನು ಹಿಡಿದು ಮಂಗಳೂರು, ಉಡುಪಿ ಭಾಗದ ಓದುಗರು ಬರೆದ ಪತ್ರಗಳನ್ನು ಓದಿದ ಮೇಲೆ, ತಿಳಿಸುವ ಮನಸ್ಸು ಬಹಳ ಮಂದಿಗೆ ಇದೆ, ತಿಳಿಸುವ ದಾರಿಯೇ ಅವರನ್ನು ಹಿಂದಕ್ಕೆ ಕಳುಹಿಸುತ್ತಿದೆ ಎನ್ನುವುದು ಅರ್ಥವಾಯಿತು. ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ಊರಿನ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಗಾಗಿ ಹಳೆ ವಿದ್ಯಾರ್ಥಿಗಳ ವಿವರಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೇನೆ. ‘ರ‍್ಯಾಂಕ್’ ಎಂದು ಸರಿಯಾಗಿಯೇ ಬರೆದು ಉಳಿಸಿದರೂ ಮರುದಿನ ಕಡತವನ್ನು ತೆರೆದಾಗ ಅದು ‘ರ್ಯಾಂಕ್’ ಎಂದಾಗಿರುತ್ತದೆ. ತಂತ್ರಾಂಶದವರಿಗೆ ತಿಳಿಸೋಣವೆಂದು ಹೋದರೆ ಮೊದಲು ಖಾತೆ ತೆರೆಯಬೇಕು ಎಂದಿತು. ತೆರೆದ ಮೇಲೆ ಯಾವ ಘಟಕ, ಯಾವ ಆವೃತ್ತಿ, ದೋಷದ ತೀವ್ರತೆ ಎಷ್ಟು ಎಂದು ಇಂಗ್ಲಿಷಿನಲ್ಲಿ ಕೇಳಿತು. ಏನೂ ತಿಳಿಯದೆ ಮುಚ್ಚಿಬಿಟ್ಟೆ. ನನ್ನಂಥವರು ಇದಕ್ಕೆ ಕೈಹಾಕಬಾರದೇ?
– ನಿವೃತ್ತ ಶಿಕ್ಷಕಿ, ಕಿನ್ನಿಗೋಳಿ

ಉತ್ತರ: ಖಂಡಿತ ಕೈಹಾಕಬೇಕು. ನೀವು ಕಂಡ ದೋಷವನ್ನು ಕನ್ನಡ ಬಲ್ಲವರಲ್ಲದೆ ಬೇರೆ ಯಾರೂ ಕಾಣಲಾರರು. ಕನ್ನಡ ಓದಲು ಬಾರದ ಒಬ್ಬ ಪರಿಣತರು ಆ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೂ ಯಾವುದು ಸರಿ, ಯಾವುದು ತಪ್ಪು ಎಂದು ಹೇಳುವುದು ಅವರಿಂದಾಗದು. ಈ ವಿಷಯದಲ್ಲಿ ಬಲ್ಲವರು ನೀವೇ.

ಆಗಿರುವುದು ಬಹುಶಃ ಹೀಗೆ. ಲಿಪಿಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯುನಿಕೋಡ್ ಎಂಬ ಏರ್ಪಾಡಿನಲ್ಲಿ ರಕಾರ, ಹಲಂತ, ಯಕಾರ ಸಾಲಾಗಿ ಬಂದರೆ ‘ಸೂರ್ಯ’, ‘ಕಾರ್ಯ’ಗಳಲ್ಲಿರುವಂತೆ ಅರ್ಕಾವೊತ್ತು ಮೂಡುತ್ತದೆ. ರಕಾರ ಇಡಿಯಾಗಿ ಉಳಿದು ಅದರ ಕೆಳಗೆ ಯಕಾರದ ಒತ್ತು ಬರಬೇಕಾದರೆ, ರಕಾರಕ್ಕೂ ಹಲಂತಕ್ಕೂ ನಡುವೆ ‘ಝೀರೋ ವಿಡ್ತ್ ಜಾಯ್ನರ್’ ಎಂಬ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇರಬೇಕು. ಕೀಲಿಮಣೆಯ ತಂತ್ರಾಂಶ ಅದನ್ನು ನಿಮಗೆ ಅರಿವಿಲ್ಲದಂತೆ ಸೇರಿಸಿರುತ್ತದೆ. ಉಳಿಸುವ ಹೊತ್ತಿಗೆ ತಂತ್ರಾಂಶ ಅದನ್ನು ಅನಗತ್ಯವೆಂದು ಕಳಚಿಬಿಟ್ಟರೆ, ಮರುದಿನ ನಿಮಗೆ ಕಾಣುವುದು ಅರ್ಕಾವೊತ್ತೇ. ತಪ್ಪು ಬೇರೆ ಕಡೆಯೂ ಇರಬಹುದು. ಅಕ್ಷರಗಳನ್ನು ಜೋಡಿಸಿ ಆಕಾರ ಕೊಡುವ ಕೆಲಸವನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲೆಲ್ಲ ಹಾರ್ಫ್‌ಬಝ್ ಎಂಬ ಬೇರೊಂದು ತಂತ್ರಾಂಶ ಮಾಡುತ್ತದೆ. ಆಕಾರಗಳು ಇರುವುದು ಫಾಂಟ್‌ನಲ್ಲಿ. ಬರವಣಿಗೆಯ ತಂತ್ರಾಂಶ, ಜೋಡಣೆಯ ತಂತ್ರಾಂಶ, ಫಾಂಟ್ – ಈ ಮೂರರಲ್ಲಿ ಎಲ್ಲಿ ಎಡವಿದೆ ಎನ್ನುವುದನ್ನು ಪಳಗಿದವರೂ ಕುಳಿತು ಹುಡುಕಬೇಕಾಗುತ್ತದೆ. ‘ಯಾವ ಘಟಕ’ ಎಂದು ಮೊದಲ ಪುಟದಲ್ಲೇ ನಿಮ್ಮನ್ನು ಕೇಳಿದ್ದು ವರದಿಗಾಗಿ ಅವರು ಇಟ್ಟ ನಮೂನೆಯ (ಫಾರ್ಮಿನ) ತಪ್ಪು. ಇಂಥ ನಮೂನೆಗಳ ಹಳೆಯ ಮಾದರಿಯಾದ ಬಗ್‌ಝಿಲ್ಲಾ 1998ರಲ್ಲಿ ಬಂದದ್ದು. ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾದವರು ಅದನ್ನು ಮುಖ್ಯವಾಗಿ ತಂತ್ರಾಂಶ ಬರೆಯುವವರ ನಡುವಿನ ಕೆಲಸಕ್ಕಾಗಿ ಮಾಡಿಕೊಂಡರು. ಘಟಕ, ತೀವ್ರತೆ ಮುಂತಾದವು ಅವರು ತಮ್ಮ ಕೆಲಸವನ್ನು ವಿಂಗಡಿಸಿಕೊಳ್ಳುವ ಮಾತುಗಳು. ಬಳಕೆದಾರರಿಗೂ ಅದೇ ಬಾಗಿಲನ್ನು ತೆರೆದಿಟ್ಟಾಗ ತೊಡಕು ಶುರುವಾಯಿತು.

ನೀವು ಬರೆಯಬೇಕಾದದ್ದು ಇಷ್ಟೇ: “ಹೊಸ ಕಡತದಲ್ಲಿ ‘ರ‍್ಯಾಂಕ್’ ಎಂದು ಟೈಪ್ ಮಾಡಿ, ಉಳಿಸಿ, ಮುಚ್ಚಿದೆ. ಮತ್ತೆ ತೆರೆದಾಗ ಅದೇ ಪದ ಹಾಗೆಯೇ ಇರಬೇಕಿತ್ತು. ಆದರೆ ‘ರ್ಯಾಂಕ್’ ಎಂದು ಕಾಣಿಸಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ ಆಯಿತು.” ಏನು ಮಾಡಿದಿರಿ, ಏನಾಗಬೇಕೆಂದುಕೊಂಡಿರಿ, ಏನಾಯಿತು ಎಂಬ ಮೂರೂ ಇದರಲ್ಲಿ ಬಂದವು. ‘ಕನ್ನಡ ಸರಿಯಾಗಿ ಬರುವುದಿಲ್ಲ’ ಎಂದಷ್ಟೇ ಬರೆದಿದ್ದರೆ ಓದಿದವರು ಎಲ್ಲಿಂದ ಹುಡುಕಲು ಶುರುಮಾಡಬೇಕೆಂದು ತಿಳಿಯದೆ ಕೈಚೆಲ್ಲುತ್ತಿದ್ದರು. ಆವೃತ್ತಿಯ ಸಂಖ್ಯೆ ಸಾಮಾನ್ಯವಾಗಿ ‘ಹೆಲ್ಪ್’ ಮೆನುವಿನ ‘ಅಬೌಟ್’ ಎಂಬಲ್ಲಿರುತ್ತದೆ. ಅದನ್ನು ನಕಲು ಮಾಡಿ ಕೆಳಗೆ ಅಂಟಿಸಿ. ಘಟಕ ಗೊತ್ತಿಲ್ಲದಿದ್ದರೆ ತೋಚಿದ್ದನ್ನು ಆರಿಸಿ, ‘ಇದು ಸರಿಯೋ ತಿಳಿಯದು’ ಎಂದು ಬರೆದುಬಿಡಿ. ಅದನ್ನು ಬದಲಿಸುವುದು ಅವರಿಗೆ ಅರೆನಿಮಿಷದ ಕೆಲಸ.

ಇನ್ನೊಂದು ಮಾತು ನಿಮ್ಮ ಪ್ರಕರಣಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ತೆರೆಯ ಚಿತ್ರವನ್ನೂ ಆ ಕಡತವನ್ನೂ ಎರಡನ್ನೂ ಲಗತ್ತಿಸಿ. ನೀವು ಕಂಡದ್ದು ಏನು ಎನ್ನುವುದು ಚಿತ್ರದಲ್ಲಿ ತಿಳಿಯುತ್ತದೆ, ಆದರೆ ಆ ಕಾಣದ ಚಿಹ್ನೆ ಇದೆಯೋ ಇಲ್ಲವೋ ಎನ್ನುವುದು ಕಡತವನ್ನು ಬಿಡಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಸಂಚಿಕೆಯ ಕಡತವನ್ನೇ ಕಳುಹಿಸಬೇಡಿ, ಅದರಲ್ಲಿ ಜನರ ಹೆಸರು, ವಿಳಾಸಗಳಿರುತ್ತವೆ. ಆ ಒಂದೇ ಪದವಿರುವ ಹೊಸ ಕಡತ ಸಾಕು. ಸಾಧ್ಯವಾದರೆ ಅದೇ ಪದಕ್ಕೆ ನೋಟೋ ಸಾನ್ಸ್ ಕನ್ನಡ ಅಥವಾ ಬೇರೊಂದು ಫಾಂಟ್ ಹಾಕಿ ನೋಡಿ, ಆಗ ಏನಾಯಿತು ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಭಾಷೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಹೊರದೇಶದ ಯೋಜನೆಗಳಲ್ಲಿ ಇಂಗ್ಲಿಷ್ ವರದಿಗಳನ್ನೇ ಬೇಗ ಓದುತ್ತಾರೆ. ಆದ್ದರಿಂದ ಕನ್ನಡದಲ್ಲಿ ಬರೆದದ್ದನ್ನು ಯಂತ್ರಾನುವಾದದಿಂದಲೋ ನೆರೆಮನೆಯ ಕಾಲೇಜು ಹುಡುಗಿಯಿಂದಲೋ ಇಂಗ್ಲಿಷಿಗೆ ತಂದು ಮೇಲೆ ಹಾಕಿ, ನಿಮ್ಮ ಕನ್ನಡದ ಮಾತನ್ನು ಕೆಳಗೆ ಹಾಗೆಯೇ ಉಳಿಸಿ. ಅನುವಾದದಲ್ಲಿ ಅರ್ಕಾವೊತ್ತು ಏನಾಗಿ ಹೋಗುತ್ತದೋ ಹೇಳಲಾಗದು. ಮೂಲವಿದ್ದರೆ ಮುಂದೆ ಒಬ್ಬ ಕನ್ನಡಿಗರು ಅದನ್ನು ಓದಿ ಸರಿಪಡಿಸಿಯಾರು.

ಪ್ರಶ್ನೆ: ನಾವು ನಾಲ್ವರು ಸಹಪಾಠಿಗಳು ಬ್ರಹ್ಮಾವರದ ಕಡೆಯ ಒಂದು ಹಾಲು ಉತ್ಪಾದಕರ ಸಂಘಕ್ಕಾಗಿ ಆ್ಯಪ್ ತಯಾರಿಸುತ್ತಿದ್ದೇವೆ. ದೋಷಗಳನ್ನು ತಿಳಿಸಲು ತಂತ್ರಾಂಶ ಬರೆಯುವವರು ಬಳಸುವ ಗಿಟ್‌ಹಬ್ ಜಾಲತಾಣದಲ್ಲಿ ಹದಿನಾಲ್ಕು ಕಾಲಂಗಳ ನಮೂನೆ ಮಾಡಿಟ್ಟೆವು. ಎರಡು ತಿಂಗಳಲ್ಲಿ ಒಂದೂ ವರದಿ ಬಂದಿಲ್ಲ. ಆ್ಯಪ್‌ನಲ್ಲಿ ದೋಷವಿಲ್ಲವೆಂದು ತಿಳಿಯಬಹುದೇ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ತಿಳಿಯಬೇಡಿ. ಬೆಳಗ್ಗೆ ಆರಕ್ಕೆ ಹಾಲು ಅಳೆದು ಲೆಕ್ಕ ಬರೆಯುವ ಕಾರ್ಯದರ್ಶಿ ಗಿಟ್‌ಹಬ್‌ನಲ್ಲಿ ಖಾತೆ ತೆರೆದು ಹದಿನಾಲ್ಕು ಪ್ರಶ್ನೆಗಳಿಗೆ ಉತ್ತರಿಸಲಿ ಎಂದು ನಿರೀಕ್ಷಿಸುವುದು ಆಗದ ಮಾತು. ಅವರು ದೋಷಗಳ ನಡುವೆಯೇ ದಾರಿ ಮಾಡಿಕೊಂಡು, ಆಗದಿದ್ದದ್ದನ್ನು ಹಳೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರು. ಒಂದು ದಿನ ಹೋಗಿ ಪಕ್ಕದಲ್ಲಿ ಕುಳಿತು ನೋಡಿ.

ನನ್ನದೇ ಅನುಭವವೊಂದನ್ನು ಹೇಳಬೇಕು. ಮಂಗಳೂರಿನ ಒಂದು ಸಂಸ್ಥೆಯಲ್ಲಿ ತಂತ್ರಾಂಶ ಪರೀಕ್ಷಕನಾಗಿದ್ದಾಗ, ನಮ್ಮ ರಸೀದಿ ತಂತ್ರಾಂಶವನ್ನು ಬಳಸುತ್ತಿದ್ದ ಹಳ್ಳಿಯ ಸಹಕಾರ ಸಂಘವೊಂದರ ಗುಮಾಸ್ತರು ಕಾಗದ ಬರೆದಿದ್ದರು: ‘ಮಳೆ ಬಂದ ದಿನ ರಸೀದಿ ಬರುವುದಿಲ್ಲ.’ ನಮ್ಮ ನಮೂನೆಯಲ್ಲಿ ಮಳೆಗೆ ಕಾಲಂ ಇರಲಿಲ್ಲ. ‘ಮುದ್ರಣ ಸಮಸ್ಯೆ, ವಿವರ ಸಾಲದು’ ಎಂದು ದಾಖಲಿಸಿ ಬದಿಗಿಟ್ಟೆವು. ಮಳೆಗಾಲದ ಆಟಿ ತಿಂಗಳಲ್ಲಿ ಬೇರೆ ಕೆಲಸಕ್ಕೆಂದು ಅಲ್ಲಿಗೆ ಹೋದವನು ಆ ಕಂಪ್ಯೂಟರಿನ ಮುಂದೆ ಕುಳಿತಾಗ ವಿಷಯ ಬಿಚ್ಚಿಕೊಂಡಿತು. ಜೋರು ಮಳೆಗೆ ವಿದ್ಯುತ್ ಹೋಗುತ್ತಿತ್ತು. ಕಂಪ್ಯೂಟರಿನೊಳಗೆ ಗಡಿಯಾರವನ್ನು ನಡೆಸುವ ಚಿಕ್ಕ ಬ್ಯಾಟರಿ ಸತ್ತುಹೋಗಿದ್ದರಿಂದ ವಿದ್ಯುತ್ ಮರಳಿದಾಗ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತಿತ್ತು. ಹಿಂದಿನ ರಸೀದಿಗಿಂತ ಹಳೆಯ ತಾರೀಕಿನ ರಸೀದಿಯನ್ನು ಮುದ್ರಿಸಬಾರದೆಂದು ನಾವೇ ತಂತ್ರಾಂಶದಲ್ಲಿ ಕಟ್ಟಳೆ ಹಾಕಿದ್ದೆವು. ಆದರೆ ಏಕೆ ಮುದ್ರಿಸುತ್ತಿಲ್ಲ ಎಂದು ತೆರೆಯ ಮೇಲೆ ಹೇಳುವ ಸೌಜನ್ಯವನ್ನು ಅದಕ್ಕೆ ಕಲಿಸಿರಲಿಲ್ಲ. ಗುಮಾಸ್ತರು ಬರೆದ ಐದು ಪದಗಳಲ್ಲಿ ಕಾರಣದ ತುದಿ ಇತ್ತು. ನಾವು ಕೇಳಿದ ಪ್ರಶ್ನೆಗಳಲ್ಲಿ ಒಂದರಲ್ಲೂ ಅದು ಇರಲಿಲ್ಲ. ಒಂದು ಮಳೆಗಾಲವಿಡೀ ಆ ಮನುಷ್ಯ ಕೈಯಲ್ಲಿ ರಸೀದಿ ಬರೆದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಆದ್ದರಿಂದ ನಿಮ್ಮ ಹದಿನಾಲ್ಕು ಕಾಲಂಗಳನ್ನು ತೆಗೆದು ಒಂದೇ ಖಾಲಿ ಜಾಗ ಇಡಿ. ‘ಏನಾಯಿತು? ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಅದರ ಮೇಲೆ ಕನ್ನಡದಲ್ಲಿ ಬರೆಯಿರಿ. ಪಕ್ಕದಲ್ಲಿ ಧ್ವನಿಮುದ್ರಣದ ಗುಂಡಿ ಇರಲಿ, ಏಕೆಂದರೆ ನಮ್ಮ ಕಡೆ ತುಳುವಿನಲ್ಲೋ ಕೊಂಕಣಿಯಲ್ಲೋ ಕುಂದಾಪ್ರ ಕನ್ನಡದಲ್ಲೋ ಒಂದು ನಿಮಿಷದಲ್ಲಿ ಸೊಗಸಾಗಿ ಹೇಳಬಲ್ಲವರು ಬರೆಯಲು ಕುಳಿತರೆ ಎರಡು ಪದಕ್ಕೆ ನಿಂತುಬಿಡುತ್ತಾರೆ. ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಆ್ಯಪ್‌ನ ಆವೃತ್ತಿ, ಭಾಷೆಯ ಆಯ್ಕೆ, ಯಾವ ಪುಟದಲ್ಲಿದ್ದರು, ಎಷ್ಟು ಗಂಟೆ – ಇವೆಲ್ಲ ಯಂತ್ರಕ್ಕೇ ಗೊತ್ತು. ಯಂತ್ರಕ್ಕೆ ಗೊತ್ತಿರುವುದನ್ನು ಮನುಷ್ಯರಿಂದ ಕೇಳಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೆ ಹಾಗೆ ತಾನಾಗಿ ಸೇರಿಸಿದ್ದನ್ನು ಕಳುಹಿಸುವ ಮೊದಲು ಅವರಿಗೆ ತೋರಿಸಿ, ಬೇಡವಾದದ್ದನ್ನು ತೆಗೆಯಲು ಅವಕಾಶ ಕೊಡಿ. ಹಾಲು ಹಾಕುವವರ ಹೆಸರು, ಬ್ಯಾಂಕ್ ಖಾತೆಯ ಸಂಖ್ಯೆ ತೆರೆಯ ಚಿತ್ರದಲ್ಲಿ ಹೋಗದಂತೆ ನೀವೇ ಮರೆಮಾಡಬೇಕು.

ತೀವ್ರತೆಯನ್ನು ನೀವು ನಿರ್ಧರಿಸಿಕೊಳ್ಳಿ. ಅವರನ್ನು ‘ಇದರಿಂದ ಕೆಲಸ ನಿಂತಿತೇ?’ ಎಂದು ಮಾತ್ರ ಕೇಳಿ. ‘ಇದೇ ದೋಷವನ್ನು ಮೊದಲೇ ಯಾರಾದರೂ ತಿಳಿಸಿದ್ದಾರೆಯೇ, ಹುಡುಕಿ ನೋಡಿ’ ಎಂಬ ಸಾಲನ್ನು ಅಳಿಸಿ. ಒಂದೇ ದೋಷ ಹತ್ತು ಸಲ ಬಂದರೆ ಅದು ಹತ್ತು ಜನರನ್ನು ಕಾಡುತ್ತಿದೆ ಎಂಬುದಕ್ಕೆ ಸಾಕ್ಷಿ, ಜೋಡಿಸಿಕೊಳ್ಳುವ ಕೆಲಸ ನಿಮ್ಮದು. ಖಾತೆಯೂ ಬೇಡ. ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶವನ್ನು (ಆಪರೇಟಿಂಗ್ ಸಿಸ್ಟಂ) ತಯಾರಿಸುವ ಡೆಬಿಯನ್ ಯೋಜನೆಯಂಥ ದೊಡ್ಡ ಕೂಟವೇ ಖಾತೆಯಿಲ್ಲದೆ ಬರಿಯ ಇಮೇಲ್ ಮೂಲಕ ವರದಿಗಳನ್ನು ಸ್ವೀಕರಿಸುತ್ತ ಬಂದಿದೆ. ಅದರೊಳಗಿನ ರಿಪೋರ್ಟ್‌ಬಗ್ ಎಂಬ ಸಲಕರಣೆ ಆವೃತ್ತಿಯ ವಿವರಗಳನ್ನು ತಾನೇ ಸೇರಿಸುತ್ತದೆ. ಹೆಬ್ರಿಯಿಂದ ಮೇಲೆ ಘಟ್ಟದ ಬುಡದ ಊರುಗಳಲ್ಲಿ ನೆಟ್‌ವರ್ಕ್ ಕೈಕೊಡುವುದುಂಟು. ಸಂಪರ್ಕವಿಲ್ಲದಾಗ ವರದಿ ಫೋನಿನಲ್ಲೇ ಉಳಿದು, ಸಿಕ್ಕಾಗ ತಾನಾಗಿ ಹೋಗುವಂತಿರಲಿ. ‘ಕಳುಹಿಸಲಾಗಲಿಲ್ಲ’ ಎಂದು ಒಮ್ಮೆ ಅಳಿಸಿಹೋದರೆ ಅವರು ಎರಡನೆಯ ಸಲ ಬರೆಯುವುದಿಲ್ಲ. ಫೋನನ್ನು ಅಲುಗಾಡಿಸಿದರೆ ವರದಿಯ ಪುಟ ತೆರೆಯುವ ಏರ್ಪಾಡು ಕೆಲವು ಆ್ಯಪ್‌ಗಳಲ್ಲಿ ಇದೆ; ನಮ್ಮ ರಸ್ತೆಗಳಲ್ಲಿ ಬಸ್ಸಿನಲ್ಲಿ ನಿಂತು ಹೋಗುವವರಿಗೆ ಅದು ಉಪದ್ರವ, ಹಾಕಬೇಡಿ.

ವರದಿ ಬಂದ ದಿನವೇ ಒಂದು ಉತ್ತರ ಹೋಗಲಿ. ಸರಿಪಡಿಸಿದ ದಿನ ಇನ್ನೊಂದು ಹೋಗಲಿ: ‘ನೀವು ತಿಳಿಸಿದ ತೊಂದರೆ ಈ ಆವೃತ್ತಿಯಲ್ಲಿ ಸರಿಯಾಗಿದೆ, ದಯವಿಟ್ಟು ನೋಡಿ ಹೇಳಿ.’ ಈ ಎರಡು ಸಾಲು ಸಿಕ್ಕವರು ಮತ್ತೆ ಬರೆಯುತ್ತಾರೆ, ಸಿಗದವರು ಬರೆಯುವುದಿಲ್ಲ. ಗಿಟ್‌ಹಬ್‌ನ ನಮೂನೆ ನಿಮ್ಮ ನಾಲ್ವರ ನಡುವೆ ಇರಲಿ. ಸಂಘದಿಂದ ಬಂದ ಮಾತನ್ನು ಅದರೊಳಗೆ ಬರೆದಿಡುವವರು ನಿಮ್ಮಲ್ಲಿ ಒಬ್ಬರಾಗಲಿ. ಬರೆಯುವಾಗ ಅವರ ಮಾತನ್ನು ತಿದ್ದದೆ ಮೊದಲು ಹಾಗೆಯೇ ದಾಖಲಿಸಿ, ನಿಮ್ಮ ಊಹೆಯನ್ನು ಅದರ ಕೆಳಗೆ ಬೇರೆಯಾಗಿ ಬರೆಯಿರಿ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರಿನ ರಿಲೇಯಲ್ಲಿ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನಲ್ಲಿ) ಸಿಕ್ಕಿಕೊಂಡಿದ್ದ ಪತಂಗವನ್ನು ದಿನಚರಿ ಪುಸ್ತಕಕ್ಕೇ ಅಂಟಿಸಿದ ಸಂಗತಿಯನ್ನು ನೀವು ಓದಿರುತ್ತೀರಿ. ದೋಷಕ್ಕೆ ‘ಬಗ್’ (ಹುಳು) ಎನ್ನುವ ಮಾತು ಅದಕ್ಕಿಂತ ಹಳೆಯದು, 1878ರಲ್ಲೇ ಎಡಿಸನ್ ತಮ್ಮ ಪತ್ರದಲ್ಲಿ ಬಳಸಿದ್ದರು. ಆ ದಿನಚರಿಯ ಪುಟದಲ್ಲಿ ನನಗೆ ಮೆಚ್ಚಿಗೆಯಾಗುವುದು ಬೇರೆಯೇ: ಗಂಟೆ 15:45, ರಿಲೇ ಸಂಖ್ಯೆ 70, ಪ್ಯಾನೆಲ್ ಎಫ್, ಜೊತೆಗೆ ಆ ಹುಳುವೇ. ಯಾವಾಗ, ಎಲ್ಲಿ, ಏನು ಸಿಕ್ಕಿತು ಎಂಬುದು ಪೂರ್ತಿಯಾಗಿದೆ, ಊಹೆ ಒಂದೂ ಇಲ್ಲ.

ಪ್ರಶ್ನೆ: ಆ್ಯಪ್ ಇದ್ದಕ್ಕಿದ್ದಂತೆ ಮುಚ್ಚಿಕೊಂಡು ‘ವರದಿ ಕಳುಹಿಸಲೇ?’ ಎಂದು ಕೇಳುತ್ತದೆ. ಒತ್ತಿದರೆ ನಮ್ಮ ಬೋಟಿನ ಲೆಕ್ಕ, ಬ್ಯಾಂಕಿನ ವಿವರವೆಲ್ಲ ಹೋಗುವುದೇ?
– ಬೋಟ್ ಲೆಕ್ಕ ನೋಡುವವರು, ಮಲ್ಪೆ

ಉತ್ತರ: ಆ ವರದಿಯಲ್ಲಿ ಮುಖ್ಯವಾಗಿ ಇರುವುದು ಆ್ಯಪ್ ಕುಸಿದ ಕ್ಷಣದಲ್ಲಿ ಅದರ ಯಾವ ಭಾಗ ನಡೆಯುತ್ತಿತ್ತು, ಫೋನ್ ಯಾವುದು, ಆಂಡ್ರಾಯ್ಡ್ ಆವೃತ್ತಿ ಯಾವುದು ಎಂಬ ವಿವರ. ಆ ಕ್ಷಣದ ಮೆಮೊರಿಯ ತುಣುಕುಗಳೂ ಕೆಲವೊಮ್ಮೆ ಸೇರುವುದುಂಟು. ನಂಬಿಕೆಯ ತಯಾರಕರ ಆ್ಯಪ್ ಆದರೆ ಕಳುಹಿಸುವುದೇ ಒಳ್ಳೆಯದು, ಒಂದು ಗುಂಡಿ ಒತ್ತುವುದಕ್ಕಿಂತ ಸುಲಭದ ವರದಿ ಬೇರೆ ಇಲ್ಲ. ಫೈರ್‌ಫಾಕ್ಸ್ ಕುಸಿದಾಗ ಬರುವ ಪೆಟ್ಟಿಗೆಯಲ್ಲಿ, ನೋಡುತ್ತಿದ್ದ ಪುಟದ ವಿಳಾಸವನ್ನು ಸೇರಿಸಬೇಕೇ ಬೇಡವೇ ಎಂಬುದಕ್ಕೆ ಬೇರೆಯೇ ಗುರುತು ಇರುತ್ತದೆ. ಬ್ಯಾಂಕಿನ ಪುಟದಲ್ಲಿದ್ದರೆ ಆ ಗುರುತನ್ನು ತೆಗೆದು ಕಳುಹಿಸಿ. ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ ಸಿಗುವ ‘ಬಗ್ ರಿಪೋರ್ಟ್’ ಮಾತ್ರ ಬೇರೆ ಸಂಗತಿ. ಅದು ಇಡೀ ಫೋನಿನ ಚಟುವಟಿಕೆಯ ದಾಖಲೆಗಳಿರುವ ದೊಡ್ಡ ಕಡತ, ಪರಿಚಯವಿಲ್ಲದವರು ಕೇಳಿದರೆ ಕೊಡಬೇಡಿ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು ಕಡೆ ಇದೆ. ದೋಷ ತಿಳಿಸಲೆಂದು ಅಂತರ್ಜಾಲದಲ್ಲಿ ‘ಕಸ್ಟಮರ್ ಕೇರ್’ ಸಂಖ್ಯೆ ಹುಡುಕಿ ಕರೆ ಮಾಡಬೇಡಿ. ಅಲ್ಲಿ ಸಿಗುವ ಸಂಖ್ಯೆಗಳಲ್ಲಿ ವಂಚಕರವೂ ಇರುತ್ತವೆ. ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ನ ಪುಟದಲ್ಲೇ ತಯಾರಕರ ಇಮೇಲ್ ವಿಳಾಸ ಕೊಟ್ಟಿರುತ್ತಾರೆ, ಅದಕ್ಕೆ ಬರೆಯಿರಿ. ಯಾವ ದೋಷವನ್ನು ಸರಿಪಡಿಸಲಿಕ್ಕೂ ನಿಮ್ಮ ಪಿನ್, ಒಟಿಪಿ ಬೇಕಾಗುವುದಿಲ್ಲ. ನಿಮ್ಮ ತೆರೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದವರ ಕರೆಯನ್ನು ಕೂಡಲೇ ಕತ್ತರಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಕಷ್ಟಪಟ್ಟು ಬರೆದ ವರದಿಯನ್ನು ‘ನಮ್ಮಲ್ಲಿ ಸರಿಯಾಗಿಯೇ ಇದೆ’ ಎಂದು ಮುಚ್ಚಿಬಿಟ್ಟರು. ನಾನು ಸುಳ್ಳು ಹೇಳಿದೆ ಎಂದು ಅರ್ಥವೇ?
– ಅಂಗಡಿ ಮಾಲೀಕರು, ಸುರತ್ಕಲ್

ಉತ್ತರ: ಅಲ್ಲ. ‘ವರ್ಕ್ಸ್ ಫಾರ್ ಮಿ’ ಎನ್ನುವುದು ಬಗ್‌ಝಿಲ್ಲಾದಲ್ಲಿ ಇರುವ ಒಂದು ಸಿದ್ಧ ಷರಾ. ಅವರ ಯಂತ್ರದಲ್ಲಿ ಅದೇ ಹೆಜ್ಜೆಗಳಿಂದ ದೋಷ ಕಾಣಿಸಲಿಲ್ಲ ಎಂದಷ್ಟೇ ಅದರ ಅರ್ಥ. ಆದರೂ ಓದಿದವರಿಗೆ ಬಾಗಿಲು ಮುಖಕ್ಕೆ ಬಡಿದಂತಾಗುತ್ತದೆ, ಅದನ್ನು ಒಪ್ಪುತ್ತೇನೆ. ಇಂಥ ಮಾತುಗಳಿಂದ ನೋವಾಗುತ್ತದೆ ಎಂಬುದು ತಯಾರಕರಿಗೂ ತಿಳಿಯದ್ದಲ್ಲ: ಬೇರೆ ಕಡೆ ವರದಿಯೇ ‘ಅಸಿಂಧು’ ಎಂದು ಹೇಳುವ ಜಾಗದಲ್ಲಿ ಲಿಬ್ರೆಆಫೀಸ್‌ನವರು ‘ಇದು ದೋಷವಲ್ಲ’ ಎಂಬ ಷರಾವನ್ನು ಇಟ್ಟುಕೊಂಡಿದ್ದಾರೆ.

ನೀವು ಅದೇ ವರದಿಯ ಕೆಳಗೆ ಉತ್ತರ ಬರೆಯಬಹುದು. ತೊಂದರೆ ಈಗಲೂ ಇದೆ ಎಂದು ಹೇಳಿ, ತೆರೆಯನ್ನು ಅರ್ಧ ನಿಮಿಷ ವಿಡಿಯೋ ಮಾಡಿ ಸೇರಿಸಿ. ಈಗಿನ ಫೋನುಗಳಲ್ಲಿ ‘ಸ್ಕ್ರೀನ್ ರೆಕಾರ್ಡ್’ ಗುಂಡಿ ಇರುತ್ತದೆ. ಫೋನಿನ ಭಾಷೆ ಕನ್ನಡದಲ್ಲಿದೆಯೇ, ಅಂಕೆಗಳನ್ನು ಕನ್ನಡದಲ್ಲಿ ಟೈಪ್ ಮಾಡಿದಿರಾ, ದೋಷ ಬರುವ ಮೊದಲು ನೆಟ್‌ವರ್ಕ್ ಹೋಗಿ ಬಂದಿತ್ತೇ – ಇವನ್ನೂ ಬರೆಯಿರಿ. ಅವರ ಯಂತ್ರಕ್ಕೂ ನಿಮ್ಮದಕ್ಕೂ ಇರುವ ವ್ಯತ್ಯಾಸ ಹೆಚ್ಚಾಗಿ ಇಂಥಲ್ಲೇ ಇರುತ್ತದೆ.

ಪ್ರಶ್ನೆ: ತುಳು ಲಿಪಿಯ ಅಕ್ಷರಗಳು ನನ್ನ ಫೋನಿನಲ್ಲಿ ಬರಿಯ ಚೌಕಗಳಾಗಿ ಕಾಣುತ್ತವೆ. ಇದು ದೋಷವೇ? ಯಾರಿಗೆ ಹೇಳಬೇಕು?
– ಲಿಪಿ ಕಲಿಯುತ್ತಿರುವವರು, ಉಡುಪಿ

ಉತ್ತರ: ತುಳು–ತಿಗಳಾರಿ ಲಿಪಿ ಯುನಿಕೋಡ್‌ಗೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ, 16ನೆಯ ಆವೃತ್ತಿಯಲ್ಲಿ. ಚೌಕ ಕಂಡರೆ ಆ ಅಕ್ಷರಕ್ಕೆ ಆಕಾರವಿರುವ ಫಾಂಟ್ ನಿಮ್ಮ ಫೋನಿನಲ್ಲಿ ಇಲ್ಲ ಎಂದು ಅರ್ಥ. ಸಂಕೇತ ಬಂದ ಮೇಲೆ ಫಾಂಟ್ ಬರಬೇಕು, ಫಾಂಟ್ ಬಂದ ಮೇಲೆ ಅದು ಫೋನುಗಳಿಗೆ ತಲುಪಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಇದನ್ನು ದೋಷ ಎನ್ನಬೇಕೋ ಕೊರತೆ ಎನ್ನಬೇಕೋ ಎಂಬುದನ್ನು ವರದಿ ಓದುವವರು ತೀರ್ಮಾನಿಸಿಕೊಳ್ಳಲಿ, ನೀವು ತಿಳಿಸಲು ಕಾಯಬೇಕಾಗಿಲ್ಲ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಥವಾ ತಯಾರಕರ ಸಹಾಯದ ಆ್ಯಪ್‌ನಲ್ಲಿ ‘ಫೀಡ್‌ಬ್ಯಾಕ್’ ಎಂಬುದಿದ್ದರೆ ಅಲ್ಲಿಗೆ ಚೌಕಗಳ ಚಿತ್ರವನ್ನೂ, ಆ ಅಕ್ಷರಗಳನ್ನು ಎಲ್ಲಿಂದ ನಕಲು ಮಾಡಿದಿರಿ ಎಂಬುದನ್ನೂ, ಅವು ಹೇಗೆ ಕಾಣಬೇಕಿತ್ತು ಎಂದು ಕಾಗದದ ಮೇಲೆ ಕೈಯಲ್ಲಿ ಬರೆದು ತೆಗೆದ ಚಿತ್ರವನ್ನೂ ಕಳುಹಿಸಿ. ಆ ಲಿಪಿಯನ್ನು ಎಂದೂ ನೋಡದ ಒಬ್ಬರ ಮೇಜಿಗೆ ನಿಮ್ಮ ವರದಿ ಹೋಗಬಹುದು. ನಿಮ್ಮ ಕೈಬರಹದಿಂದ ಅವರಿಗೆ ಅದರ ಆಕಾರ ತಿಳಿಯುತ್ತದೆ.